ಬೈಬಲ್‌ನಿಂದ ಬದುಕಿನ ಪಾಠ: ಯಾವ ಓದಿನ ಕ್ರಮ ಯಾರಿಗೆ ಹೊಂದುತ್ತದೆ?

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಹೊರಬರುವವರ ಕೈಯಲ್ಲಿ ಎಷ್ಟೋ ಸಲ ಎರಡು ಕಾಗದ ಇರುತ್ತವೆ. ಒಂದು, ಹೊಸ ವರ್ಷಕ್ಕೆಂದು ಬೈಬಲಿನ ವಚನ ಅಚ್ಚಾದ ವಾಗ್ದಾನದ ಕಾರ್ಡು, ಇನ್ನೊಂದು ವರ್ಷದಲ್ಲಿ ಬೈಬಲ್ ಪೂರ್ತಿ ಓದಿಸುವ ಪಟ್ಟಿ. ಕಾರ್ಡು ಕನ್ನಡಿಗೆ ಅಂಟಿಕೊಂಡು ವರ್ಷವಿಡೀ ಉಳಿಯುತ್ತದೆ. ಪಟ್ಟಿ ಫೆಬ್ರುವರಿಗೆ ನಿಂತುಹೋಗುತ್ತದೆ. ಆಮೇಲೆ ಬೀದರಿನ ಮಂಗಲಪೇಟೆಯಿಂದ ಸೇಡಂ, ಗುರುಮಠಕಲ್‌ವರೆಗೆ ಕೇಳಿಬರುವ ಪ್ರಶ್ನೆ ಒಂದೇ: ಪೂರ್ತಿ ಓದಬೇಕೋ, ಸ್ವಲ್ಪ ಸ್ವಲ್ಪ ಓದಬೇಕೋ, ಸಮಸ್ಯೆ ಬಂದಾಗ ಅದಕ್ಕೆ ಬೇಕಾದ್ದನ್ನು ಹುಡುಕಬೇಕೋ, ಇಲ್ಲ ಗುಂಪಿನಲ್ಲಿ ಕೂತು ಓದಬೇಕೋ?

ಯಾವುದೂ ಎಲ್ಲರಿಗೂ ಸರಿಹೋಗುವುದಿಲ್ಲ. ಅಳೆಯುವ ಗೋಲು ಮೊದಲೇ ಕೈಯಲ್ಲಿದ್ದರೆ ಆಯ್ಕೆ ಸುಲಭ.

ಯಾವುದರಿಂದ ಅಳೆಯಬೇಕು

ಎಲ್ಲಕ್ಕಿಂತ ಮುಖ್ಯವಾದದ್ದು, ನೀವು ಹಿಡಿಯುವ ಕ್ರಮದಲ್ಲಿ ವಚನ ತನ್ನ ಅಧ್ಯಾಯದೊಳಗೇ ಉಳಿಯುತ್ತದೆಯೇ ಎಂಬುದು. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದ ಮಾತು ಎಂಬುದು ಬಿಟ್ಟುಹೋದರೆ ಪಾಠ ತಲೆಕೆಳಗಾಗಬಹುದು. ಮತ್ತಾಯ 4ರಲ್ಲಿ ಯೇಸುವನ್ನು ಪರೀಕ್ಷಿಸಲು ಸೈತಾನನೂ 91ನೇ ಕೀರ್ತನೆಯ ಮಾತನ್ನೇ ಎತ್ತಿ ಆಡುತ್ತಾನೆ. ಮಾತು ಬೈಬಲಿನದೇ, ಬಳಕೆ ಮಾತ್ರ ತಪ್ಪು.

ಎರಡನೆಯದು, ತಪ್ಪಿದ ದಿನ ಏನಾಗುತ್ತದೆ ಎಂಬುದು. ಹೊಲದ ಕೆಲಸ, ಶಿಫ್ಟು, ಮದುವೆ, ಜ್ವರ ಯಾವ ಮನೆಗೂ ತಪ್ಪಿದ್ದಲ್ಲ. ಒಂದು ವಾರ ಬಿಟ್ಟರೆ ಬಾಕಿ ಬೆಟ್ಟದಷ್ಟಾಗುವ ಕ್ರಮ ಬಿಡುವಿಲ್ಲದವರಿಗೆ ಒಗ್ಗುವುದಿಲ್ಲ.

ಮೂರನೆಯದು, ಓದು ಒಂದು ಕೆಲಸಕ್ಕೆ ಬಂದು ಮುಟ್ಟುತ್ತದೆಯೇ. ‘ತಾಳ್ಮೆ ಬೇಕು’ ಎಂದು ನೋಟ್‌ಬುಕ್ಕಿನಲ್ಲಿ ಬರೆದರೆ ಅದಿನ್ನೂ ಪಾಠವಾಗಿಲ್ಲ. ‘ಅಣ್ಣನ ಜೊತೆ ನಿಂತುಹೋದ ಮಾತನ್ನು ಶನಿವಾರದೊಳಗೆ ಮತ್ತೆ ಶುರು ಮಾಡುತ್ತೇನೆ’ ಎಂದರೆ ಪಾಠ. ಉಳಿದವು ಸಮಯ, ಕಣ್ಣು, ಅಕ್ಷರ, ಭಾಷೆ. ಹಣದ ಚಿಂತೆ ಇಲ್ಲಿ ಕಡಿಮೆ. ಬೈಬಲ್ ಸೊಸೈಟಿಯ ಸಾದಾ ಪ್ರತಿ ದುಬಾರಿಯಲ್ಲ, ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ.

ವರ್ಷದಲ್ಲಿ ಪೂರ್ತಿ ಬೈಬಲ್

66 ಪುಸ್ತಕ, 1,189 ಅಧ್ಯಾಯ: ಹಳೆ ಒಡಂಬಡಿಕೆಯಲ್ಲಿ 929, ಹೊಸದರಲ್ಲಿ 260. ವಾರದ ಆರು ದಿನ ಮೂರು ಮೂರು ಅಧ್ಯಾಯ, ಭಾನುವಾರ ಐದು ಓದಿದರೆ ವಾರಕ್ಕೆ 23, ವರ್ಷದೊಳಗೆ ಮುಗಿಯುತ್ತದೆ. ದಿನಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಲೆಕ್ಕ ಸರಳ.

ಇದರ ಬಲ ಏನೆಂದರೆ ಇಡೀ ಕಥೆಯ ಅಂದಾಜು ಸಿಗುತ್ತದೆ. ಅಬ್ರಹಾಮ ಎಲ್ಲಿ, ದಾವೀದ ಎಲ್ಲಿ, ಬಾಬೆಲಿನ ಸೆರೆ ಯಾವಾಗ ಎಂಬುದು ತಲೆಯಲ್ಲಿ ಕೂತರೆ ಪ್ರಸಂಗ ಕೇಳುವ ರೀತಿಯೇ ಬದಲಾಗುತ್ತದೆ.

ನಿಲ್ಲುವುದು ಎಲ್ಲಿ? ಆದಿಕಾಂಡದ 50, ವಿಮೋಚನಕಾಂಡದ 40 ಅಧ್ಯಾಯ ಜನವರಿ ಕೊನೆಗೆ ಮುಗಿಯುತ್ತವೆ. ಕಥೆ ಅಲ್ಲಿಗೇ ತೆಳುವಾಗಿ, ಯಾಜಕಕಾಂಡದ ಬಲಿವಿಧಿ, ಚರ್ಮರೋಗದ ನಿಯಮ, ಅರಣ್ಯಕಾಂಡದ ಜನಗಣತಿ ಶುರುವಾಗುತ್ತವೆ. ಕಲಬುರಗಿ ಸೀಮೆಯಲ್ಲಿ ಅದೇ ಹೊತ್ತಿಗೆ ತೊಗರಿ ರಾಶಿ ಮುಗಿಸಿ ಬಿಳಿಜೋಳದ ಕಡೆ ತಿರುಗಿರುತ್ತಾರೆ. ದಣಿದ ಮೈ, ಒಣ ಅಧ್ಯಾಯ ಎರಡೂ ಕೂಡಿದರೆ ಪಟ್ಟಿ ನಿಲ್ಲದೆ ಇನ್ನೇನಾಗುತ್ತದೆ. ಹತ್ತು ದಿನ ತಪ್ಪಿದರೆ ಮೂವತ್ತಕ್ಕೂ ಹೆಚ್ಚು ಅಧ್ಯಾಯ ಬಾಕಿ. ಬಾಕಿ ತೀರಿಸುವ ಆತುರದಲ್ಲಿ ಓದು ಬರೀ ಪುಟ ತಿರುವುವುದಾಗುತ್ತದೆ.

ಈ ಕ್ರಮವೇ ಬೇಕೆನ್ನುವವರು ಎರಡು ತಿದ್ದುಪಡಿ ಮಾಡಿಕೊಳ್ಳಬಹುದು. ತಪ್ಪಿದ ಅಧ್ಯಾಯಗಳನ್ನು ಹಾಗೇ ಬಿಟ್ಟು ಇವತ್ತಿನ ತಾರೀಖಿನಿಂದ ಮುಂದುವರಿಯುವುದು ಒಂದು. ಹಳೆಯದರಿಂದ ಎರಡು, ಹೊಸದರಿಂದ ಒಂದು ಅಧ್ಯಾಯ ಸೇರಿಸಿ ಓದುವುದು ಇನ್ನೊಂದು. ಎರಡನೆಯದರಲ್ಲಿ ಹಳೆ ಒಡಂಬಡಿಕೆ ವರ್ಷ ದಾಟಿ ಮೂರು ತಿಂಗಳು ಹೆಚ್ಚು ಹಿಡಿಯುತ್ತದೆ, ಹಿಡಿಯಲಿ ಬಿಡಿ. ಹೊಸ ಒಡಂಬಡಿಕೆ ಮಾತ್ರ ಸಾಕು ಎನ್ನುವವರಿಗೆ ವಾರಕ್ಕೆ ಐದೇ ಅಧ್ಯಾಯದಂತೆ 52 ವಾರಕ್ಕೆ 260 ಸರಿಹೋಗುತ್ತದೆ, ವಾರದಲ್ಲಿ ಎರಡು ದಿನ ಬಿಡುವೂ ಸಿಗುತ್ತದೆ. ಮೊದಲ ಸಲ ಓದುವವರಿಗೆ ಪೂರ್ತಿ ಪಟ್ಟಿಗಿಂತ ಇದು ಎಷ್ಟೋ ಮೇಲು.

ಒಂದು ಪುಸ್ತಕ ಹಿಡಿದು ನಿಧಾನವಾಗಿ

ಬದುಕಿಗೆ ಪಾಠ ಬೇಕೆನ್ನುವ ಹೆಚ್ಚಿನವರಿಗೆ ಹೊಂದುವ ಕ್ರಮ ಇದು. ತಪ್ಪಿದ ದಿನದ ಬಾಕಿ ಇಲ್ಲ, ನಿಂತಲ್ಲಿಂದ ಮುಂದೆ ಹೋದರಾಯಿತು. ವಚನ ಅಧ್ಯಾಯ ಬಿಟ್ಟು ಕದಲುವುದಿಲ್ಲ.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, 16 ಅಧ್ಯಾಯ. (ಕಥೋಲಿಕರ ಪ್ರತಿಯಲ್ಲಿ ‘ಶುಭಸಂದೇಶ’ ಎಂದಿರುತ್ತದೆ.) ಮೊದಲ ದಿನ ಇಡೀ ಪುಸ್ತಕವನ್ನು ಒಂದೇ ಪಟ್ಟಿನಲ್ಲಿ ಓದಿ, ಹೆಚ್ಚೆಂದರೆ ಎರಡು ತಾಸು. ಅರ್ಥವಾಗದ್ದಕ್ಕೆ ನಿಲ್ಲಬೇಡಿ. ಮರುದಿನದಿಂದ ದಿನಕ್ಕೆ ಅರ್ಧ ಅಧ್ಯಾಯದಂತೆ 32 ದಿನ. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ನಾಲ್ಕು ಸಾಲು ಬರೆಯಿರಿ: ಇಲ್ಲಿ ಮಾತಾಡುವವರು ಮತ್ತು ಕೇಳುವವರು ಯಾರು, ಇದಕ್ಕೆ ಮುಂಚೆ ಏನು ನಡೆದಿತ್ತು, ದೇವರ ಬಗ್ಗೆ ಅಥವಾ ಮನುಷ್ಯರ ಬಗ್ಗೆ ಇದರಿಂದ ಏನು ತಿಳಿಯಿತು, ಈ ವಾರ ನಾನು ಮಾಡುವ ಒಂದು ಕೆಲಸ ಯಾವುದು. ನಾಲ್ಕನೆಯ ಸಾಲು ಖಾಲಿ ಉಳಿಯುವ ದಿನಗಳೂ ಬರುತ್ತವೆ, ಆಗ ಬಲವಂತವಾಗಿ ತುಂಬಬೇಡಿ. ಎಲ್ಲ ಅಧ್ಯಾಯವೂ ನಿಮಗೆ ಆಜ್ಞೆ ಕೊಡಲೆಂದೇ ಬರೆದದ್ದಲ್ಲ.

ಹೊಸಬರು ಎಡವುವುದು ಇಲ್ಲೇ. ನಡೆದದ್ದನ್ನು ಹೇಳುವ ಭಾಗವನ್ನು ‘ಹೀಗೆ ಮಾಡು’ ಎಂಬ ಆಜ್ಞೆಯಾಗಿ ಓದಿಬಿಡುತ್ತಾರೆ. ನ್ಯಾಯಸ್ಥಾಪಕರು 6ರ ಗಿದ್ಯೋನ ಉಣ್ಣೆ ಹಾಸಿ ಗುರುತು ಕೇಳಿದನೆಂದು ಮಗಳ ಸಂಬಂಧ, ಮನೆಯ ಜಾಗ ಎಲ್ಲಕ್ಕೂ ಗುರುತು ಇಟ್ಟು ಕಾಯುವವರಿದ್ದಾರೆ. ಅದೇ ಅಧ್ಯಾಯದ 14ನೇ ವಚನದಲ್ಲಿ ಅವನಿಗೆ ಅಪ್ಪಣೆ ಆಗಲೇ ಸ್ಪಷ್ಟವಾಗಿ ಸಿಕ್ಕಿತ್ತು. ಉಣ್ಣೆ ಅವನ ಅಳುಕಿನ ಕಥೆ, ತೀರ್ಮಾನ ಮಾಡುವ ವಿಧಾನವಲ್ಲ. ಗೆದ್ದು ಬಂದರೆ ಮನೆಯಿಂದ ಮೊದಲು ಎದುರು ಬಂದದ್ದನ್ನು ಬಲಿ ಕೊಡುವೆನೆಂಬ ಯೆಪ್ತಾಹನ ಹರಕೆಯನ್ನು (ಅಧ್ಯಾಯ 11) ಯಾರೂ ಅನುಕರಿಸಲು ಹೋಗುವುದಿಲ್ಲ. ಗಿದ್ಯೋನನನ್ನೂ ಅದೇ ಎಚ್ಚರದಿಂದ ಓದಬೇಕು.

ಮಾರ್ಕನ ನಂತರ ಯಾವುದು ಎಂಬುದು ನಿಮ್ಮ ಬದುಕಿನ ಹೊತ್ತನ್ನು ನೋಡಿ. ದುಡಿಯುವವರಿಗೂ ದುಡಿಸುವವರಿಗೂ ಯಾಕೋಬನ ಪತ್ರ: ಐದು ಅಧ್ಯಾಯ, 108 ವಚನ, ದಿನಕ್ಕೆ ಐದರಂತೆ 22 ದಿನ. ಎರಡನೆಯ ಅಧ್ಯಾಯದಲ್ಲಿ ಚಿನ್ನದುಂಗುರದವನಿಗೆ ಒಳ್ಳೆಯ ಜಾಗ ಕೊಟ್ಟು ಬಡವನನ್ನು ಅಲ್ಲೇ ನಿಲ್ಲು ಎನ್ನುವ ಸಭೆ, ಮೂರನೆಯದರಲ್ಲಿ ನಾಲಗೆ, ಐದನೆಯದರಲ್ಲಿ ಹೊಲ ಕೊಯ್ದವರ ಹಿಡಿದಿಟ್ಟ ಕೂಲಿ. ಕೊನೆಯದನ್ನು ಓದುವಾಗ ಧರ್ಮೋಪದೇಶಕಾಂಡ 24:14-15ನ್ನೂ ತೆರೆಯಿರಿ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಅಲ್ಲಿದೆ. ತೊಗರಿ ಕೊಯ್ಲಿಗೆ ಆಳು ಕರೆದವರಿಗೆ ಆ ವಾರದ ಕೆಲಸ ಯಾವುದೆಂದು ಬೇರೆ ಯಾರೂ ಹೇಳಬೇಕಿಲ್ಲ.

ಗಂಡನನ್ನು ಕಳೆದುಕೊಂಡವರು, ಊರು ಬಿಟ್ಟು ಬಂದವರು, ಅತ್ತೆ-ಸೊಸೆ ಒಂದೇ ಮನೆಯಲ್ಲಿ ಇರುವವರು ರೂತಳ ಪುಸ್ತಕ ಹಿಡಿಯಬಹುದು. ನಾಲ್ಕೇ ಅಧ್ಯಾಯ. ಜವೆಗೋದಿಯ ಸುಗ್ಗಿಯಲ್ಲಿ ಹಕ್ಕಲಾಯುವ ಹೆಣ್ಣುಮಗಳ ಕಥೆ ಒಕ್ಕಲುತನದ ಊರಿನವರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ. ಯಾಜಕಕಾಂಡ 19:9-10ನ್ನು ಜೊತೆಗೆ ಓದಿದರೆ ಹೊಲದ ಅಂಚನ್ನು ಬಡವರಿಗೆ ಬಿಡುವುದು ಹೊಲದ ಒಡೆಯ ಬೋವಜನ ಔದಾರ್ಯವಷ್ಟೇ ಅಲ್ಲ, ನಿಯಮವೂ ಆಗಿತ್ತೆಂದು ಗೊತ್ತಾಗುತ್ತದೆ. ಮಕ್ಕಳಿಗೆ ಯೋಸೇಫನ ಕಥೆ (ಆದಿಕಾಂಡ 37ರಿಂದ 50) ದಿನಕ್ಕೊಂದು ಅಧ್ಯಾಯದಂತೆ ಎರಡು ವಾರ. 38ನೇ ಅಧ್ಯಾಯ ಮಾತ್ರ ಬೇರೆ ಪ್ರಸಂಗ, ಚಿಕ್ಕವರ ಜೊತೆ ಓದುವಾಗ ದಾಟಿಸಿ.

ಜ್ಞಾನೋಕ್ತಿ ಮತ್ತು ಕೀರ್ತನೆ

ದಿನಕ್ಕೆ ಐದು ನಿಮಿಷವೇ ಇರುವವರಿಗೆ ಜ್ಞಾನೋಕ್ತಿ. 31 ಅಧ್ಯಾಯ ಇರುವುದರಿಂದ ತಾರೀಖು ಎಷ್ಟೋ ಅಧ್ಯಾಯವೂ ಅಷ್ಟೇ. 12ನೇ ತಾರೀಖು ತಪ್ಪಿದರೆ 13ಕ್ಕೆ 13. ಬಾಕಿಯ ಮಾತೇ ಬರುವುದಿಲ್ಲ.

ಕೀರ್ತನೆಗಳಿಗೂ ಇಂಥದೇ ಲೆಕ್ಕ ಇದೆ: ತಾರೀಖಿನ ಕೀರ್ತನೆ, ಆಮೇಲೆ ಮೂವತ್ತು ಮೂವತ್ತು ಕೂಡಿಸುತ್ತ ಹೋಗುವುದು. 7ನೇ ತಾರೀಖಿಗೆ 7, 37, 67, 97, 127. ತಿಂಗಳಿಗೆ 150 ಪೂರ್ತಿ. 29ರಂದು ಬರುವ 119ನೇ ಕೀರ್ತನೆ ಒಂದೇ 176 ವಚನ ಇರುವುದರಿಂದ ಅದನ್ನು 31ನೇ ತಾರೀಖಿಗೆ ಎತ್ತಿಡಿ. ದಿನಕ್ಕೆ ಐದು ಹೆಚ್ಚಾದರೆ ಆ ಐದರಲ್ಲಿ ನಿಮ್ಮ ಅಂದಿನ ಮನಸ್ಸಿಗೆ ಹತ್ತಿರವಾದ ಒಂದನ್ನು ಆರಿಸಿಕೊಳ್ಳಬಹುದು.

ಎರಡನ್ನೂ ಓದುವ ರೀತಿ ಬೇರೆ. ಕೀರ್ತನೆ ಹೆಚ್ಚಾಗಿ ಮನುಷ್ಯ ದೇವರಿಗೆ ಹೇಳುವ ಮಾತು, ಅದರಲ್ಲಿ ಸಿಟ್ಟು, ದೂರು, ಶಾಪವೂ ಇದೆ. ಅದನ್ನು ಪ್ರಾರ್ಥನೆಯಾಗಿ ಓದಬೇಕು, ನಿಯಮದ ಪುಸ್ತಕದಂತೆ ಅಲ್ಲ. ಜ್ಞಾನೋಕ್ತಿ ಲೋಕದಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಹೇಳುತ್ತದೆ, ಎಲ್ಲ ಕಾಲಕ್ಕೂ ಖಾತ್ರಿ ಕೊಡುವುದಿಲ್ಲ. 26ನೇ ಅಧ್ಯಾಯದ 4ನೇ ವಚನ ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ, 5ನೇ ವಚನ ಕೊಡು ಎನ್ನುತ್ತದೆ. ಯಾವಾಗ ಯಾವುದು ಎಂದು ತೂಗುವುದೇ ಓದುವವನ ಕೆಲಸ. ಮಗನನ್ನು ನಡೆಯಬೇಕಾದ ದಾರಿಯಲ್ಲಿ ಬೆಳೆಸಿದರೆ ಮುಪ್ಪಿನಲ್ಲೂ ಅದನ್ನು ಬಿಡನು ಎನ್ನುವ 22:6ನ್ನು ಖಾತ್ರಿಯೆಂದು ಹಿಡಿದ ತಂದೆತಾಯಿ, ಮಗ ದಾರಿ ತಪ್ಪಿದಾಗ ಎಲ್ಲ ತಪ್ಪನ್ನೂ ತಮ್ಮ ತಲೆಗೆ ಹಾಕಿಕೊಂಡು ನರಳುತ್ತಾರೆ. ಆ ವಚನಕ್ಕೆ ಅಷ್ಟು ಭಾರ ಹೊರಿಸಬಾರದು.

ವಿಷಯ ಹಿಡಿದು ಹುಡುಕುವುದು

ಸಾಲ, ಮದುವೆ, ಆಸ್ತಿ ಜಗಳ, ಕುಡಿತ. ತೀರ್ಮಾನ ನಾಳೆಗೇ ಬೇಕೆಂದಾಗ ಮಾರ್ಕನ 32 ದಿನ ಕಾಯಲಾಗದು. ಆಗ ಈ ಕ್ರಮ ಬೇಕೇ ಬೇಕು. ಆದರೆ ನಮ್ಮ ಮೊದಲ ಅಳತೆಗೋಲಿನಲ್ಲಿ ಅತಿ ಹೆಚ್ಚು ಸೋಲುವುದೂ ಇದೇ. ಆಪಿನಲ್ಲಿ ಪದ ಒತ್ತಿದರೆ ವಚನಗಳು ಒಂಟಿಯಾಗಿ ಬಂದು ಬೀಳುತ್ತವೆ, ನಮಗೆ ಬೇಕಾದ ಉತ್ತರ ಕೊಡುವುದನ್ನು ಆರಿಸಿಕೊಂಡು ಉಳಿದದ್ದನ್ನು ಬಿಡುತ್ತೇವೆ.

ತಡೆಯುವ ದಾರಿ ಇದೆ. ಒಂದು ವಿಷಯಕ್ಕೆ ಕನಿಷ್ಠ ಮೂರು ಬಗೆಯ ಭಾಗ ತೆಗೆಯಿರಿ: ನಿಯಮ ಅಥವಾ ಜ್ಞಾನೋಕ್ತಿಯಿಂದ ಒಂದು, ನಡೆದ ಕಥೆಯಿಂದ ಒಂದು, ಸುವಾರ್ತೆ ಅಥವಾ ಪತ್ರದಿಂದ ಒಂದು. ಪ್ರತಿಯೊಂದರ ಇಡೀ ಅಧ್ಯಾಯ ಓದಿ. ಸಾಲವನ್ನೇ ನೋಡೋಣ. ವಿಮೋಚನಕಾಂಡ 22:25-27 ಬಡವನಿಂದ ಬಡ್ಡಿ ಬೇಡ, ಒತ್ತೆ ಇಟ್ಟುಕೊಂಡ ಹೊದಿಕೆಯನ್ನು ಸಂಜೆಗೇ ಮರಳಿಸು ಎನ್ನುತ್ತದೆ. ಜ್ಞಾನೋಕ್ತಿ 6:1-5 ಬೇರೆಯವರ ಸಾಲಕ್ಕೆ ಹೊಣೆ ನಿಂತವನಿಗೆ, ನಿದ್ದೆ ಮಾಡದೆ ಹೋಗಿ ಬಿಡಿಸಿಕೋ ಎನ್ನುತ್ತದೆ. ಗುಂಪು ಹೊಣೆಯ ಸಂಘದ ಸಾಲಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಓದಬೇಕಾದ ಐದು ವಚನ. ನೆಹೆಮೀಯ 5ರಲ್ಲಿ ಬರಗಾಲಕ್ಕೆ ಹೊಲ, ಮನೆ ಅಡ ಇಟ್ಟವರ ಗೋಳು ಕೇಳಿ ಅಧಿಪತಿ ನೆಹೆಮೀಯನು ಸಾಲ ಕೊಟ್ಟವರನ್ನೇ ಸಭೆ ಸೇರಿಸಿ ಗದರಿಸುತ್ತಾನೆ. ಮತ್ತಾಯ 5:42ರಲ್ಲಿ ಯೇಸು, ಕಡ ಕೇಳಬಂದವನಿಗೆ ಮುಖ ತಿರುಗಿಸಬೇಡ ಎನ್ನುತ್ತಾನೆ.

ನಾಲ್ಕೂ ಒಂದೇ ಮಾತು ಹೇಳುವುದಿಲ್ಲ. ಕೊಡುವವನಿಗೆ ಒಂದು ಮಾತು, ಹೊಣೆ ನಿಲ್ಲುವವನಿಗೆ ಇನ್ನೊಂದು. ನೀವು ಈಗ ಯಾರ ಜಾಗದಲ್ಲಿದ್ದೀರಿ ಎಂದು ನೋಡಿಕೊಂಡು ತೂಗಬೇಕು. ಒಂದೇ ವಚನ ಹಿಡಿದವನಿಗೆ ಈ ತೂಕ ಸಿಗುವುದಿಲ್ಲ. ಕಾಯಿಲೆಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ವಚನ ಸಿಕ್ಕಿತೆಂದು ಸಕ್ಕರೆ ಕಾಯಿಲೆಯ ಅಥವಾ ಟಿಬಿಯ ಮಾತ್ರೆ ನಿಲ್ಲಿಸಬಾರದು. 2 ಅರಸುಗಳು 20ರಲ್ಲಿ ಅರಸ ಹಿಜ್ಕೀಯನಿಗೆ ಗುಣವಾಗುವ ಮಾತು ಸಿಕ್ಕ ಮೇಲೂ ಪ್ರವಾದಿ ಯೆಶಾಯನು ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸುತ್ತಾನೆ.

ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟಲ್ಲಿ ಓದುವುದನ್ನೂ ಕೆಲವರು ಈ ಸಾಲಿಗೆ ಸೇರಿಸುತ್ತಾರೆ. ಅದು ಓದುವ ಕ್ರಮವೇ ಅಲ್ಲ, ಚೀಟಿ ಎತ್ತುವುದು.

ವಾಗ್ದಾನದ ಕಾರ್ಡು, ವಾಟ್ಸಾಪ್ ವಚನ

ಸಮಯ ಅರ್ಧ ನಿಮಿಷ, ಖರ್ಚಿಲ್ಲ, ಧೈರ್ಯ ಬರುತ್ತದೆ. ಧೈರ್ಯಕ್ಕೆ ಇರಲಿ, ತೀರ್ಮಾನಕ್ಕೆ ಬೇಡ. ಕಾರ್ಡಿನಲ್ಲಿ ಮೇಲಿಂದ ಮೇಲೆ ಕಾಣುವ ಯೋಬ 8:7, ನಿನ್ನ ಮೊದಲಿನ ಸ್ಥಿತಿ ಅಲ್ಪವಾಗಿದ್ದರೂ ಕೊನೆ ವೃದ್ಧಿಯಾಗುವುದು ಎಂಬುದು, ಯೋಬನ ಗೆಳೆಯ ಬಿಲ್ದದನ ಮಾತು. 42:7ರಲ್ಲಿ ದೇವರು ಯೋಬನ ಗೆಳೆಯರ ಮೇಲೆ ಸಿಟ್ಟಾಗಿ, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ಯೆರೆಮೀಯ 29:11ರ ಒಳ್ಳೆಯ ನಿರೀಕ್ಷೆಯ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಕಾಯಬೇಕೆಂದಿದೆ, 5ರಲ್ಲಿ ಸೆರೆಯೂರಿನಲ್ಲೇ ಮನೆ ಕಟ್ಟಿ ತೋಟ ಹಾಕಿರಿ ಎಂದಿದೆ. ಕಾರ್ಡು ಬಂದ ದಿನ ಆ ಇಡೀ ಅಧ್ಯಾಯ ಓದುವ ರೂಢಿ ಮಾಡಿಕೊಂಡರೆ ಅರ್ಧ ದೋಷ ಕಳೆಯುತ್ತದೆ.

ಚರ್ಚಿನ ಪಟ್ಟಿ

ಕಥೋಲಿಕರಿಗೆ ಆಯ್ಕೆಯ ಗೊಂದಲ ಕಡಿಮೆ. ಭಾನುವಾರದ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ, ಒಂದು ವರ್ಷ ಮತ್ತಾಯ, ಮುಂದೆ ಮಾರ್ಕ, ಆಮೇಲೆ ಲೂಕ. ವಾರದ ದಿನಗಳಿಗೆ ಎರಡು ವರ್ಷದ ಸುತ್ತು. 2005ರಲ್ಲಿ ರೂಪುಗೊಂಡ ಗುಲ್ಬರ್ಗ ಧರ್ಮಪ್ರಾಂತ್ಯದ ಹಳ್ಳಿಯ ಚರ್ಚಿನಲ್ಲೂ ಬೇರೆ ದೇಶದ ಚರ್ಚಿನಲ್ಲೂ ಆ ಭಾನುವಾರ ಒಂದೇ ಭಾಗ. ಶನಿವಾರ ರಾತ್ರಿಯೇ ಮನೆಯಲ್ಲಿ ಓದಿಕೊಂಡು ಹೋದರೆ ಫಾದರ್ ಹೇಳುವುದು ಎರಡು ಪಟ್ಟು ನಾಟುತ್ತದೆ. ಕೊರತೆಯೆಂದರೆ ಭಾಗಗಳು ಕತ್ತರಿಸಿ ಬಂದಿರುತ್ತವೆ, ಹಿಂದು ಮುಂದು ನೀವೇ ಓದಿಕೊಳ್ಳಬೇಕು.

ತಪಸ್ಸುಕಾಲದಲ್ಲಿ ಎಲ್ಲ ಸಭೆಯವರೂ ಹಿಡಿಯಬಹುದಾದ ಒಂದು ಲೆಕ್ಕ: ನಾಲ್ಕು ಸುವಾರ್ತೆ ಸೇರಿ 89 ಅಧ್ಯಾಯ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಭಾನುವಾರ ಸೇರಿ 46 ದಿನ. ದಿನಕ್ಕೆರಡು ಓದಿದರೆ ಒಂದು ದಿನ ಉಳಿಯುತ್ತದೆ.

ಗುಂಪಿನ ಓದು

ಒಬ್ಬರೇ ಓದಿದಾಗ ನಾಲ್ಕನೆಯ ಸಾಲು, ಅಂದರೆ ಮಾಡುವ ಕೆಲಸ, ಜಾರಿಹೋಗುತ್ತದೆ. ಮುಂದಿನ ವಾರ ‘ಏನಾಯಿತು?’ ಎಂದು ಕೇಳುವವರಿದ್ದರೆ ಜಾರುವುದಿಲ್ಲ. ಗುಂಪಿನ ದೊಡ್ಡ ಲಾಭ ಅದು.

ಆರರಿಂದ ಹತ್ತು ಜನ ಸಾಕು, ಹನ್ನೆರಡು ದಾಟಿದರೆ ಎರಡು ಮಾಡಿ. ಒಂದು ತಾಸಿನ ಕೂಟದಲ್ಲಿ ಮೊದಲ ಹತ್ತು ನಿಮಿಷ ಹೋದ ವಾರದ ಕೆಲಸದ ಮಾತು, ಹತ್ತು ನಿಮಿಷ ಅದೇ ಭಾಗವನ್ನು ಇಬ್ಬರು ಎರಡು ಸಲ ಗಟ್ಟಿಯಾಗಿ ಓದುವುದು, ಅರ್ಧ ತಾಸು ಮಾತುಕತೆ, ಕೊನೆಯ ಹತ್ತು ನಿಮಿಷ ಪ್ರಾರ್ಥನೆ. ಸಂಜೆ ಏಳು ರೊಟ್ಟಿ ಬಡಿಯುವ ಹೊತ್ತು, ಆಗ ಇಟ್ಟರೆ ಅಕ್ಕಂದಿರು ಬರಲಾಗದು. ಭಾನುವಾರ ಮಧ್ಯಾಹ್ನ ಅಥವಾ ಊಟ ಮುಗಿದ ಮೇಲೆ ಇಡಿ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಮಧ್ಯಾಹ್ನ ಹೇಗೂ ಹೊರಗೆ ಕೆಲಸ ನಿಲ್ಲುವುದರಿಂದ ಹೊಸ ಗುಂಪು ಶುರು ಮಾಡಲು ಅದು ಒಳ್ಳೆಯ ಕಾಲ.

ಕೆಡುವುದು ಮೂರು ರೀತಿ. ಬಲ್ಲವರೊಬ್ಬರು ಮಾತು ಹಿಡಿದು ಎರಡನೆಯ ಪ್ರಸಂಗ ಶುರು ಮಾಡುತ್ತಾರೆ. ಪ್ರತಿ ವಾರ ಪ್ರಶ್ನೆ ಕೇಳುವವರನ್ನು ಬದಲಿಸಿ. ಯಾರೋ ಹೇಳಿಕೊಂಡ ಮನೆಯ ಮಾತು ಮರುದಿನ ಓಣಿಯಲ್ಲಿ ಓಡಾಡುತ್ತದೆ. ಒಮ್ಮೆ ಹಾಗಾದರೆ ಆ ಗುಂಪಿನಲ್ಲಿ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ, ಮೊದಲ ದಿನವೇ ಇದನ್ನು ಕಟ್ಟುನಿಟ್ಟಾಗಿ ಹೇಳಿ. ಮೂರನೆಯದು ಭಾಷೆ. ಔರಾದ್, ಭಾಲ್ಕಿ ಕಡೆ ಮರಾಠಿ, ಸೇಡಂ, ಗುರುಮಠಕಲ್ ಕಡೆ ತೆಲುಗು, ಪಟ್ಟಣಗಳಲ್ಲಿ ದಖನಿ ಮನೆಮಾತಾದವರೂ ಕೂತಿರುತ್ತಾರೆ. ಓದು ಕನ್ನಡದಲ್ಲಿ ನಡೆದರೂ ಮಾತುಕತೆ ಅವರವರ ಮಾತಿನಲ್ಲಿ ನಡೆಯಲಿ. ತಮ್ಮ ಭಾಷೆಯ ಬೈಬಲ್ ತಂದವರು ಅದೇ ಭಾಗವನ್ನು ಎರಡನೆಯ ಸಲ ಅದರಲ್ಲಿ ಓದಲಿ.

ಕೇಳುವುದು, ಮತ್ತು ಯಾವ ಪ್ರತಿ

ಅಕ್ಷರ ಬಾರದವರಿಗೆ, ಕಣ್ಣು ಮಂಜಾದ ಅಜ್ಜ-ಅಜ್ಜಿಗೆ, ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋದವರಿಗೆ ಧ್ವನಿ ಬೈಬಲ್. ಯೂವರ್ಷನ್, ಬೈಬಲ್ ಡಾಟ್ ಐಎಸ್ ಆಪ್‌ಗಳಲ್ಲಿ ಕನ್ನಡ ಪುಕ್ಕಟೆ ಇದೆ. ಊರು ಬಿಡುವ ಮುಂಚೆ ವೈಫೈ ಇರುವಲ್ಲಿ ಇಳಿಸಿಕೊಳ್ಳಿ. ಕಥೆಯ ಪುಸ್ತಕಗಳು, ಸುವಾರ್ತೆಗಳು ಕಿವಿಗೆ ಚೆನ್ನಾಗಿ ಹತ್ತುತ್ತವೆ. ರೋಮಾಪುರದವರಿಗೆ ಬರೆದಂಥ ಬಿಗಿ ವಾದದ ಪತ್ರ ಒಂದೇ ಸಲ ಕೇಳಿದರೆ ನಿಲ್ಲುವುದಿಲ್ಲ, ಒಂದೇ ಅಧ್ಯಾಯವನ್ನು ಮೂರು ದಿನ ಕೇಳಬೇಕು.

ಅಚ್ಚಿನ ಪ್ರತಿ ಕೊಳ್ಳುವವರು ನಿಮ್ಮ ಸಭೆಯಲ್ಲಿ ಓದುವ ಆವೃತ್ತಿಯನ್ನೇ ಕೊಳ್ಳಿ. ಕಥೋಲಿಕರು 73 ಪುಸ್ತಕಗಳಿರುವ ಪ್ರತಿ ಕೇಳಿ ಪಡೆಯಬೇಕು. ಹಳೆಯ ಶೈಲಿಯ ಸತ್ಯವೇದ ಕಷ್ಟವೆನಿಸುವ ಮಕ್ಕಳಿಗೆ ಮೊಬೈಲಿನಲ್ಲಿ ಸರಳ ಕನ್ನಡದ ಆವೃತ್ತಿ ಜೊತೆಗಿರಲಿ.

ಹಾಗಾದರೆ ಯಾರಿಗೆ ಯಾವುದು

ಮೊದಲ ಸಲ ಓದುವವರು ಮಾರ್ಕ, ಆಮೇಲೆ ಯಾಕೋಬ. ಬೈಬಲ್ ಒಮ್ಮೆ ಅಲ್ಲಲ್ಲಿ ಓದಿಕೊಂಡವರು, ಭಾನುವಾರದ ಶಾಲೆಯಲ್ಲಿ ಕಲಿಸುವವರು ವರ್ಷದ ಪಟ್ಟಿ ಹಿಡಿಯಬಹುದು, ಆದರೆ ಸುಗ್ಗಿ ಮುಗಿದ ಮೇಲೆ ಶುರು ಮಾಡಲಿ. ಪಟ್ಟಿ ಜನವರಿ ಒಂದಕ್ಕೇ ಶುರುವಾಗಬೇಕೆಂಬ ನಿಯಮವೇನಿಲ್ಲ. ಪರೀಕ್ಷೆಯ ಮಕ್ಕಳಿಗೆ ತಾರೀಖಿನ ಜ್ಞಾನೋಕ್ತಿ ಸಾಕು. ದುಃಖದ ಮನೆಗೆ ಕೀರ್ತನೆ, ಅದೂ ಗಟ್ಟಿಯಾಗಿ ಓದಿ ಕೇಳಿಸಲು ಒಬ್ಬರು ಜೊತೆಗಿದ್ದರೆ ಒಳ್ಳೆಯದು. ತುರ್ತಿನ ತೀರ್ಮಾನವಿದ್ದವರು ಮೂರು ಬಗೆಯ ಭಾಗ ತೆಗೆದು, ಓದಿದ್ದನ್ನು ಪಾಸ್ಟರ್ ಅಥವಾ ಸಭೆಯ ಹಿರಿಯರೊಬ್ಬರ ಮುಂದೆ ಇಟ್ಟು ಮಾತಾಡಿ ಆಮೇಲೆ ಹೆಜ್ಜೆ ಇಡಲಿ.

ಹಿಡಿದ ಕ್ರಮವನ್ನು ನಡುವೆ ಬದಲಿಸುವ ಮನಸ್ಸಾದರೆ, ಕೈಯಲ್ಲಿರುವ ಪುಸ್ತಕ ಮುಗಿದ ಮೇಲೆ ಬದಲಿಸಿ. ಎರಡು ಕ್ರಮ ಜೊತೆಗೆ ಬೇಕೆಂದರೆ ಒಂದು ಬೆಳಗ್ಗೆ ಐದು ನಿಮಿಷದ್ದು, ಇನ್ನೊಂದು ವಾರಕ್ಕೊಮ್ಮೆ ಗುಂಪಿನದ್ದು ಇರಲಿ. ದಿನಕ್ಕೆ ಎರಡು ಪಟ್ಟಿ ಹಾಕಿಕೊಂಡವರು ಸಾಮಾನ್ಯವಾಗಿ ಎರಡನ್ನೂ ಬಿಡುತ್ತಾರೆ.